ಗೀಸರಿನ ಹೊಗೆ ಎಲ್ಲಿಗೆ ಹೋಗುತ್ತದೆ?

ಪುಣೆಯಲ್ಲೋ ಮುಂಬೈಯಲ್ಲೋ ದೆಹಲಿಯಲ್ಲೋ ಬಾಡಿಗೆ ಮನೆ ನೋಡಲು ಹೋದವರಿಗೆ ಈ ಪೆಟ್ಟಿಗೆಯ ಪರಿಚಯ ಇದ್ದೇ ಇರುತ್ತದೆ. ಬಚ್ಚಲಿನ ಗೋಡೆಯಲ್ಲಿ, ಆಳೆತ್ತರದಲ್ಲಿ, ಎರಡು ಮೊಳೆಗಳಿಗೆ ನೇತುಬಿದ್ದ ಬಿಳಿ ತಗಡಿನ ಡಬ್ಬ. ಅಡಿಯಿಂದ ಮೂರು ಕೊಳವೆ: ತಣ್ಣೀರಿಗೊಂದು, ಬಿಸಿನೀರಿಗೊಂದು, ಗ್ಯಾಸಿಗೆ ಕಿತ್ತಳೆ ಬಣ್ಣದ ಇನ್ನೊಂದು. ಮುಂಭಾಗದಲ್ಲಿ ಒಂದು ಸಣ್ಣ ಕಿಂಡಿ. ನಲ್ಲಿ ತಿರುಗಿಸಿದರೆ ಟಕಟಕ ಸದ್ದಾಗಿ ಒಳಗೆ ನೀಲಿ ಜ್ವಾಲೆ ಏಳುತ್ತದೆ, ಅರ್ಧ ನಿಮಿಷದಲ್ಲಿ ನೀರು ಸುಡುತ್ತದೆ. ಕರೆಂಟಿನ ಗೀಸರಿಗೆ ಕಾಯಬೇಕು, ಇದಕ್ಕೆ ಕಾಯುವಂತಿಲ್ಲ. ಖರ್ಚೂ ಕಡಿಮೆ ಎನ್ನುತ್ತಾರೆ.

ಹಲವು ಮಾದರಿಗಳಲ್ಲಿ ಡಬ್ಬದ ನೆತ್ತಿಯ ಮೇಲೆ ಒಂದು ದುಂಡನೆಯ ಬಾಯಿ ಇರುತ್ತದೆ. ಅದಕ್ಕೊಂದು ತಗಡಿನ ಕೊಳವೆ ಸಿಕ್ಕಿಸಿ, ಗೋಡೆ ಕೊರೆದು, ಹೊರಗಿನ ಬಯಲಿಗೆ ಬಿಡಬೇಕು. ನಾನು ನೋಡಿದ ಬಹುಪಾಲು ಮನೆಗಳಲ್ಲಿ ಆ ಕೊಳವೆ ಇರಲಿಲ್ಲ. ಬಾಯಿ ಮಾತ್ರ ತೆರೆದುಕೊಂಡು ಛಾವಣಿಯನ್ನು ನೋಡುತ್ತಿತ್ತು. ಇನ್ನು ಅಗ್ಗದ ಮಾದರಿಗಳಲ್ಲಿ ಬಾಯಿಯೂ ಇಲ್ಲ, ನಾಲ್ಕಾರು ಸೀಳುಗಳಷ್ಟೇ. ಈ ಪೆಟ್ಟಿಗೆಗೆ ಒಂದೂವರೆ ಶತಮಾನದ ಇತಿಹಾಸವಿದೆ. ಅದರ ಮುಖ್ಯ ಭಾಗವೆಲ್ಲ ಆ ಬಾಯಿಯಿಂದ ಹೊರಡುವ ಹೊಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯ ಸುತ್ತಲೇ ನಡೆದದ್ದು.

ಮೊದಲು ನಮ್ಮ ಕಡೆಯ ಬಚ್ಚಲಿಗೇ ಹೋಗಿ ಬರೋಣ. ಮಲೆನಾಡು, ಕರಾವಳಿ, ಹಳೇ ಮೈಸೂರು, ಎಲ್ಲಿಯೇ ಆಗಲಿ, ಹಳೆಯ ಮನೆಯ ಬಚ್ಚಲೆಂದರೆ ಹಂಡೆ. ತಾಮ್ರದ್ದು, ಒಲೆಯ ಮೇಲೆ ಕಟ್ಟಿ ಕೂರಿಸಿದ್ದು. ಉರಿಗೆ ತೆಂಗಿನ ಮಟ್ಟೆ, ಸೋಗೆ, ಅಡಿಕೆ ಸಿಪ್ಪೆ, ಸೌದೆಯ ತುಂಡು; ಊರಲ್ಲಿ ಮರದ ಮಿಲ್ಲಿದ್ದರೆ ಮರದ ಹೊಟ್ಟು. ದೀಪಾವಳಿಯ ಮೊದಲ ದಿನ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಳ್ಳಿ ಸುತ್ತಿ, ರಂಗೋಲಿ ಎಳೆದು, ಹೊಸ ನೀರು ತುಂಬುತ್ತಿದ್ದರು. ಮಲೆನಾಡಿನಲ್ಲಿ ಹಿಂಡ್ಲೆಕಾಯಿ ಬಳ್ಳಿಯೇ ಆಗಬೇಕು. ಮರುದಿನ ಬೆಳಗಿನ ಜಾವ ಎಣ್ಣೆ ನೀರು. ನೀರು ಕಾಯಿಸುವ ಪಾತ್ರೆಗೇ ಪೂಜೆ ಮಾಡುವ ಹಬ್ಬ ಬೇರೆ ಎಲ್ಲೆಲ್ಲಿದೆಯೋ ಕಾಣೆ.

ಆ ಬಚ್ಚಲಿನಲ್ಲಿ ಹೊಗೆಗೇನೂ ಕೊರತೆಯಿರಲಿಲ್ಲ. ಕಣ್ಣು ಉರಿಯುತ್ತಿತ್ತು, ಗೋಡೆ ಕಪ್ಪಾಗುತ್ತಿತ್ತು, ತೊಲೆಗಳಿಗೆ ಇಲ್ಲಣ ಜೋತುಬೀಳುತ್ತಿತ್ತು. ಊದುಕೊಳವೆ ಹಿಡಿದು ಒಲೆಯ ಮುಂದೆ ಕೂತ ಹೆಂಗಸರ ಎದೆಗೆ ಆ ಹೊಗೆ ಮಾಡಿದ ಹಾನಿ ಸಣ್ಣದಲ್ಲ, ಅದನ್ನು ಮರೆತು ಹಳೆಯದನ್ನೆಲ್ಲ ಹೊಗಳಬೇಕಾಗಿಲ್ಲ. ಆದರೂ ಎರಡು ಸಂಗತಿ ಗಮನಿಸಬೇಕು. ಒಂದು, ಹೆಂಚಿನ ಸಂದುಗಳಿಂದ, ಬೆಳಕಿಂಡಿಯಿಂದ, ಬಾಗಿಲ ಬಿರುಕಿನಿಂದ ಗಾಳಿ ಆಡುತ್ತಲೇ ಇತ್ತು. ಎರಡು, ಕೊಂಚ ಅನುಕೂಲಸ್ಥರ ಮನೆಗಳಲ್ಲಿ ಒಲೆಯ ಬಾಯಿ ಬಚ್ಚಲಿನ ಹೊರಗಿರುತ್ತಿತ್ತು. ಹಂಡೆ ಒಳಗೆ, ಉರಿ ಹಾಕುವ ಜಾಗ ಹಿತ್ತಿಲಿಗೆ. ಸ್ನಾನ ಮಾಡುವವನಿಗೆ ಬಿಸಿನೀರು ಮಾತ್ರ ಸಿಗುತ್ತಿತ್ತು, ಬೆಂಕಿ ಅವನ ಗಾಳಿಯನ್ನು ತಿನ್ನುತ್ತಿರಲಿಲ್ಲ. ಮರಾಠಿ ಮನೆಗಳ ತಾಮ್ರದ ಬಂಬದಲ್ಲೂ ನಡುವೆ ಕೆಂಡ ಹಾಕುವ ಕೊಳವೆಯೇ ಮೇಲಕ್ಕೆ ಚಿಮಣಿಯಾಗಿ ನಿಂತಿರುತ್ತಿತ್ತು. ಬೆಂಕಿ ಬೇರೆ, ನೀರು ಬೇರೆ, ಹೊಗೆಯ ದಾರಿ ಬೇರೆ. ಈ ಸರಳ ಏರ್ಪಾಡನ್ನು ಲಂಡನ್ನಿನ ಒಬ್ಬ ಕುಶಲಕರ್ಮಿ 1868ರಲ್ಲಿ ಒಂದೇ ಏಟಿಗೆ ಮುರಿದ.

ಅವನ ಹೆಸರು ಬೆಂಜಮಿನ್ ವ್ಯಾಡಿ ಮಾನ್. ಮನೆಗಳಿಗೆ ಬಣ್ಣ ಹೊಡೆದು ಅಲಂಕಾರ ಮಾಡುವುದು ಅವನ ಕಸುಬು. ಆ ಹೊತ್ತಿಗೆ ಲಂಡನ್ನಿನ ಬೀದಿಗಳಡಿಯಲ್ಲಿ ಅರ್ಧ ಶತಮಾನದಿಂದ ಕಲ್ಲಿದ್ದಲ ಗ್ಯಾಸ್ ಹರಿಯುತ್ತಿತ್ತು. ಅದು ಬಂದದ್ದು ದೀಪಕ್ಕೆ. ಅದೇ ಗ್ಯಾಸಿನಿಂದ ಸ್ನಾನದ ನೀರನ್ನು, ಬೇಕಾದಾಗ ಬೇಕಾದಷ್ಟು, ಮನೆಯ ಮಹಡಿಯ ಮೇಲೇ ಕಾಯಿಸಬಹುದಲ್ಲ ಎಂದು ಮಾನ್‌ಗೆ ಹೊಳೆಯಿತು. ಅಡುಗೆಮನೆಯಿಂದ ಆಳುಗಳು ಬಿಸಿನೀರಿನ ಕೊಡಗಳನ್ನು ಮೆಟ್ಟಿಲು ಹತ್ತಿಸುವ ಕಾಲ ಅದು. ಅವನ ಯಂತ್ರದಲ್ಲಿ ಕೆಳಗೆ ಗ್ಯಾಸಿನ ಉರಿ, ಮೇಲಿನಿಂದ ತಣ್ಣೀರು ತಂತಿಗಳ ಮೇಲೆ ಇಳಿದು ಬರುವಾಗ ಉರಿಯ ಬಿಸಿ ಅನಿಲ ಅದರ ನಡುವೆಯೇ ಏರಿಹೋಗುತ್ತಿತ್ತು. ನೀರು ಕಾಯುತ್ತಿತ್ತು, ನಿಜ. ಹೊಗೆ ಎಲ್ಲಿಗೆ? ಬಚ್ಚಲಿಗೇ. ಕೊಳವೆಯ ಏರ್ಪಾಡು ಅವನ ಯಂತ್ರದಲ್ಲಿರಲಿಲ್ಲ.

ಐಸ್‌ಲೆಂಡಿನಲ್ಲಿ ನೆಲದೊಳಗಿನಿಂದ ಬಿಸಿನೀರು ಚಿಮ್ಮುವ ಒಂದು ಬುಗ್ಗೆಗೆ ಗೆಯ್ಸಿರ್ ಎಂದು ಹೆಸರು. ನುಗ್ಗಿ ಹರಿಯುವುದು ಎಂಬರ್ಥದ ಹಳೆಯ ನುಡಿಯಿಂದ ಬಂದದ್ದು. ಮಾನ್ ಅದನ್ನೇ ತನ್ನ ಯಂತ್ರಕ್ಕಿಟ್ಟ. ಇಂಗ್ಲೆಂಡಿನಲ್ಲಿ ಆ ಹೆಸರು ಈಗ ಬಹುಮಟ್ಟಿಗೆ ಅಜ್ಜಿಯರ ಮಾತು. ನಮ್ಮಲ್ಲಿ, ದಕ್ಷಿಣ ಆಫ್ರಿಕಾದಲ್ಲಿ ಅದು ಗಟ್ಟಿಯಾಗಿ ಉಳಿಯಿತು. ಕರೆಂಟಿನಲ್ಲಿ ಕಾಯುವ, ಚಿಮ್ಮದ, ಉರಿಯಿಲ್ಲದ ಟ್ಯಾಂಕಿಗೂ ನಾವು ಗೀಸರ್ ಎಂದೇ ಅನ್ನುತ್ತೇವೆ. ಕನ್ನಡದಲ್ಲಿ ಇದಕ್ಕೆ ಬೇರೆ ಪದ ಹುಟ್ಟಿಸುವ ಪ್ರಯತ್ನಗಳು ನಡೆದವು, ಯಾವುದೂ ಬಚ್ಚಲಿನ ತನಕ ತಲುಪಲಿಲ್ಲ.

ಗೀಸರು ಹಬ್ಬಿದ ಹಾಗೆ ಅದರ ಕುಖ್ಯಾತಿಯೂ ಹಬ್ಬಿತು. ಹತ್ತಿಸುವ ಕ್ರಮ ತಪ್ಪಿದರೆ ಢಂ ಎಂದು ಸಿಡಿಯುತ್ತಿತ್ತು. ಅದು ಜನರಿಗೆ ಗೊತ್ತಿದ್ದ ಅಪಾಯ. ಗೊತ್ತಿಲ್ಲದಿದ್ದದ್ದು ಇನ್ನೊಂದು, ಅದಕ್ಕೆ ಸದ್ದಿರಲಿಲ್ಲ.

ಇಲ್ಲಿ ಜರ್ಮನಿಯ ಹ್ಯೂಗೋ ಯುಂಕರ್ಸ್ ಬರುತ್ತಾರೆ. ವಿಮಾನದ ಇತಿಹಾಸ ಓದಿದವರಿಗೆ ಈ ಹೆಸರು ಗೊತ್ತು, 1915ರಲ್ಲಿ ಪೂರ್ತಿ ಲೋಹದ ವಿಮಾನವನ್ನು ಹಾರಿಸಿದವರು. ವಿಮಾನಕ್ಕೂ ಮೊದಲು ಅವರ ಕೆಲಸ ದೆಸ್ಸಾವ್ ಎಂಬ ಊರಿನಲ್ಲಿ ಗ್ಯಾಸ್ ಎಂಜಿನ್ನುಗಳ ಮೇಲೆ. ಒಂದು ಗ್ಯಾಸನ್ನು ಸುಟ್ಟರೆ ಎಷ್ಟು ಶಾಖ ಬರುತ್ತದೆಂದು ಕರಾರುವಾಕ್ಕಾಗಿ ಅಳೆಯಲು ಅವರು 1892ರಲ್ಲಿ ಒಂದು ಉಪಕರಣ ಮಾಡಿದರು. ಅದರಲ್ಲಿ ಉರಿಯ ಶಾಖವನ್ನೆಲ್ಲ ಹರಿಯುವ ನೀರು ಹೀರಿಕೊಳ್ಳಬೇಕು, ನೀರು ಎಷ್ಟು ಬಿಸಿಯಾಯಿತೆಂದು ನೋಡಿ ಲೆಕ್ಕ ಹಾಕಬೇಕು. ಶಾಖ ಸ್ವಲ್ಪವೂ ಪೋಲಾಗಬಾರದು, ಹೊಗೆ ನೀರಿಗೆ ಬೆರೆಯಲೂಬಾರದು. ಈ ಉಪಕರಣವನ್ನು ಸುಮ್ಮನೆ ದೊಡ್ಡದು ಮಾಡಿದರೆ ಅದೇ ಉತ್ತಮ ಸ್ನಾನದ ಒಲೆಯಾಗುತ್ತದೆಂದು ಅವರಿಗೆ ತಿಳಿಯಿತು. 1894ರಲ್ಲಿ ಅದಕ್ಕೆ ಹಕ್ಕುಪತ್ರ, ಮರುವರ್ಷ ದೆಸ್ಸಾವ್‌ನಲ್ಲಿ ಕಾರ್ಖಾನೆ. ಮಾನ್ ಬೆರೆಸಿದ್ದನ್ನು ಯುಂಕರ್ಸ್ ಬೇರ್ಪಡಿಸಿದರು: ನೀರು ತಾಮ್ರದ ಕೊಳವೆಯೊಳಗೆ, ಉರಿ ಅದರ ಹೊರಗೆ, ಕೊಳವೆಗೆ ಅಂಟಿದ ತೆಳು ತಗಡುಗಳ ನಡುವೆ ಬಿಸಿ ಅನಿಲ ಹಾದು ಮೇಲಿನ ಬಾಯಿಯಿಂದ ಹೊರಗೆ. ನಿಮ್ಮ ಬಚ್ಚಲಿನ ಡಬ್ಬದ ಮುಚ್ಚಳ ಬಿಚ್ಚಿದರೆ ಇವತ್ತಿಗೂ ಒಳಗಿರುವುದು ಇದೇ ಏರ್ಪಾಡು. ಗೋಡೆಗೆ ನೇತುಹಾಕುವಷ್ಟು ಅದನ್ನು ಹಗುರ ಮಾಡಿದವರಲ್ಲೂ ಅವರದೇ ಕಾರ್ಖಾನೆ ಮುಂದಿತ್ತು. ಸ್ನಾನದ ಒಲೆಯಲ್ಲಿ ಗಳಿಸಿದ್ದನ್ನು ವಿಮಾನಕ್ಕೆ ಸುರಿದರು. ಕೊನೆಗೆ 1932ರಲ್ಲಿ ಒಲೆಯ ವ್ಯಾಪಾರವನ್ನು ಬಾಷ್ ಕಂಪನಿಗೆ ಮಾರಬೇಕಾಯಿತು.

ಯುಂಕರ್ಸ್ ತಮ್ಮ ಒಲೆಯನ್ನು ತಿದ್ದುತ್ತಿದ್ದ ಅದೇ ವರ್ಷಗಳಲ್ಲಿ ಇಂಗ್ಲೆಂಡಿನಲ್ಲಿ ಜಾನ್ ಸ್ಕಾಟ್ ಹಾಲ್ಡೇನ್ ಎಂಬ ಶರೀರವಿಜ್ಞಾನಿ ತಾವೇ ಕೂತು ವಿಷ ಉಸಿರಾಡುತ್ತಿದ್ದರು. ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಹಿಡಿದುಬಿಡುತ್ತದೆ ಎಂದು ಫ್ರಾನ್ಸಿನ ಕ್ಲೋದ್ ಬರ್ನಾರ್ 1850ರ ದಶಕದಲ್ಲೇ ತೋರಿಸಿದ್ದರು. ಹೀಮೋಗ್ಲೋಬಿನ್ನಿಗೆ ಅದರ ಮೇಲಿನ ಒಲವು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಎಷ್ಟು ಹೊತ್ತಿಗೆ, ಎಷ್ಟು ಪ್ರಮಾಣದಲ್ಲಿ, ಮನುಷ್ಯನಿಗೆ ಏನಾಗುತ್ತದೆಂದು ಹಾಲ್ಡೇನ್ ತಮ್ಮ ಮೇಲೇ ಪ್ರಯೋಗ ಮಾಡಿ, ತಮ್ಮ ರಕ್ತವನ್ನೇ ಪರೀಕ್ಷಿಸಿ, 1895ರಲ್ಲಿ ಪ್ರಕಟಿಸಿದರು. ಗಣಿಗಳಲ್ಲಿ ಸ್ಫೋಟವಾದಾಗ ಸತ್ತವರಲ್ಲಿ ಹೆಚ್ಚಿನವರು ಸುಟ್ಟು ಸತ್ತವರಲ್ಲ, ಈ ಅನಿಲ ಕುಡಿದು ಸತ್ತವರು ಎಂದು ಗುರುತಿಸಿದ್ದೂ ಅವರೇ. ಗಣಿಗೆ ಹಕ್ಕಿ ಒಯ್ಯಿರಿ, ಅದರ ಉಸಿರಾಟ ವೇಗದ್ದು, ನಿಮಗಿಂತ ಮೊದಲೇ ಬೀಳುತ್ತದೆ ಎಂದು ಹೇಳಿಕೊಟ್ಟರು. ಬ್ರಿಟನ್ನಿನ ಗಣಿಗಳಲ್ಲಿ ಆ ಪುಟ್ಟ ಹಳದಿ ಹಕ್ಕಿಗಳು 1980ರ ದಶಕದವರೆಗೂ ಕೆಲಸ ಮಾಡಿದವು. ಹಾಲ್ಡೇನರ ಮಗ ಜೆ.ಬಿ.ಎಸ್. ಹಾಲ್ಡೇನ್ ಹುಡುಗನಾಗಿ ಇಂಥ ಪ್ರಯೋಗಗಳಿಗೆ ಜೊತೆಯಾದವರು. ಮುಂದೆ 1957ರಲ್ಲಿ ನಮ್ಮ ದೇಶಕ್ಕೇ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು.

ವಿಜ್ಞಾನಕ್ಕೆ ಗೊತ್ತಾದದ್ದು ಮನೆಗಳಿಗೆ ತಲುಪಲು ಹೊತ್ತು ಹಿಡಿಯಿತು. 1902ರ ಸೆಪ್ಟೆಂಬರ್ 29ರ ಬೆಳಿಗ್ಗೆ ಪ್ಯಾರಿಸಿನ ತಮ್ಮ ಮನೆಯ ಮಲಗುವ ಕೋಣೆಯಲ್ಲಿ ಕಾದಂಬರಿಕಾರ ಎಮಿಲ್ ಜೋಲಾ ಸತ್ತುಬಿದ್ದಿದ್ದರು. ಅಲ್ಲಿದ್ದದ್ದು ಗ್ಯಾಸ್ ಅಲ್ಲ, ಕಲ್ಲಿದ್ದಲ ಬೆಂಕಿ. ಚಿಮಣಿ ಕಟ್ಟಿಕೊಂಡಿತ್ತು, ಕಿಟಕಿಗಳು ಮುಚ್ಚಿದ್ದವು. ಹೆಂಡತಿ ಬದುಕುಳಿದರು. ಚಿಮಣಿಯನ್ನು ಯಾರಾದರೂ ಬೇಕೆಂದೇ ಮುಚ್ಚಿದರೇ ಎಂಬ ಅನುಮಾನ ಇಂದಿಗೂ ಇದೆ, ಜೋಲಾಗೆ ಶತ್ರುಗಳು ಅಷ್ಟಿದ್ದರು. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಒಂದೇ: ಬೆಂಕಿಯಲ್ಲಿ ತಪ್ಪಿರಲಿಲ್ಲ, ಹೊಗೆಯ ದಾರಿಯಲ್ಲಿತ್ತು.

ಆ ಕಾಲದ ಕಲ್ಲಿದ್ದಲ ಗ್ಯಾಸಿನಲ್ಲೇ ಕಾರ್ಬನ್ ಮಾನಾಕ್ಸೈಡ್ ಇರುತ್ತಿತ್ತು. ಸೋರಿದರೂ ವಿಷ, ಅರೆಬರೆ ಉರಿದರೂ ವಿಷ. ಮುಂಬೈಗೆ ಈ ಗ್ಯಾಸ್ 1865ರಲ್ಲಿ ಬೀದಿದೀಪಗಳಿಗೆ ಬಂತು. ಬಾಂಬೆ ಗ್ಯಾಸ್ ಕಂಪನಿಯ ನೆನಪಿಗೆ ಲಾಲ್‌ಬಾಗ್‌ನಲ್ಲಿ ಗ್ಯಾಸ್ ಕಂಪನಿ ಲೇನ್ ಈಗಲೂ ಇದೆ. ಗಣೇಶನ ದರ್ಶನಕ್ಕೆ ಸಾಲು ನಿಂತ ಮುಂಬೈ ಕನ್ನಡಿಗರಲ್ಲಿ ಅನೇಕರು ಆ ಹೆಸರಿನ ಫಲಕ ನೋಡಿರಬಹುದು. ಕಲ್ಕತ್ತೆಗೆ ಅದಕ್ಕೂ ಮೊದಲೇ ಬಂದಿತ್ತು. ಬೆಂಗಳೂರು ಈ ಮೆಟ್ಟಿಲನ್ನು ಹಾರಿ, ಶಿವನಸಮುದ್ರದ ಕರೆಂಟಿನಿಂದ 1905ರಲ್ಲಿ ನೇರವಾಗಿ ವಿದ್ಯುತ್ ದೀಪಕ್ಕೆ ಹೋಯಿತು. ಹಾಗಾಗಿ ಗೋಡೆಯೊಳಗಿನಿಂದ ಬರುವ ಗ್ಯಾಸ್ ಎಂಬ ಅನುಭವವೇ ನಮ್ಮ ಕಡೆಯವರಿಗೆ ಹೊಸತು.

ಸಿಲಿಂಡರಿನ ಗ್ಯಾಸ್ 1955ರಲ್ಲಿ ಬರ್ಮಾ ಶೆಲ್ ಮೂಲಕ ಮುಂಬೈಯಲ್ಲಿ ಕಾಲಿಟ್ಟಿತು, 1965ರಲ್ಲಿ ಇಂಡೇನ್ ಬಂತು. ಕೊಳವೆಯ ನೈಸರ್ಗಿಕ ಅನಿಲಕ್ಕೆ ಮುಂಬೈಯಲ್ಲಿ ಮಹಾನಗರ್ ಗ್ಯಾಸ್ 1995ರಲ್ಲಿ, ದೆಹಲಿಯಲ್ಲಿ ಇಂದ್ರಪ್ರಸ್ಥ ಗ್ಯಾಸ್ 1998ರಲ್ಲಿ ಹುಟ್ಟಿದವು. ಈ ಎರಡೂ ಗ್ಯಾಸುಗಳಲ್ಲಿ ಕಾರ್ಬನ್ ಮಾನಾಕ್ಸೈಡ್ ಇಲ್ಲ. ಇಲ್ಲೇ ಒಂದು ತಪ್ಪು ತಿಳಿವಳಿಕೆ ಹುಟ್ಟಿಕೊಂಡಿತು, ಜಗತ್ತಿನಾದ್ಯಂತ. ಗ್ಯಾಸ್ ವಿಷವಲ್ಲ, ಆದ್ದರಿಂದ ಉರಿಯೂ ವಿಷವಲ್ಲ ಎಂದು. ಆಮ್ಲಜನಕ ಸಾಲದೆ ಹೋದರೆ ಯಾವ ಇಂಗಾಲದ ಇಂಧನವಾದರೂ ಅರ್ಧ ಉರಿದು ಅದೇ ಹಳೆಯ ಅನಿಲವನ್ನು ಕೊಡುತ್ತದೆ.

ಇದಕ್ಕೆ ಮೂಗೂ ಸಹಾಯಕ್ಕೆ ಬರುವುದಿಲ್ಲ. 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಎಂಬ ಊರಿನ ಶಾಲೆಯಡಿ ಸೋರಿ ತುಂಬಿದ್ದ ನೈಸರ್ಗಿಕ ಅನಿಲ ಸ್ಫೋಟಿಸಿ ಸುಮಾರು 300 ಮಂದಿ ಸತ್ತರು, ಹೆಚ್ಚಿನವರು ಮಕ್ಕಳು. ಆ ಅನಿಲಕ್ಕೆ ವಾಸನೆಯಿರಲಿಲ್ಲ. ಅದಾದ ಮೇಲೆ ಗ್ಯಾಸಿಗೆ ಕೆಟ್ಟ ವಾಸನೆ ಬೆರೆಸುವುದು ಕಡ್ಡಾಯವಾಗುತ್ತ ಬಂತು. ನಮ್ಮ ಸಿಲಿಂಡರಿನ ಕೊಳೆತ ಎಲೆಕೋಸಿನ ನಾತ ಅದರದ್ದೇ. ಸೋರಿಕೆಗೆ ಇದು ಒಳ್ಳೆಯ ಕಾವಲು. ಆದರೆ ಆ ವಾಸನೆಯ ಪದಾರ್ಥ ಗ್ಯಾಸಿನ ಜೊತೆ ಉರಿದುಹೋಗುತ್ತದೆ. ಉರಿದ ಮೇಲೆ ಉಳಿಯುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣುರಿಯಿಲ್ಲ. ಅಜ್ಜಿಯ ಬಚ್ಚಲಿನ ಹೊಗೆ ಕೆಮ್ಮಿಸಿ ಹೊರಗಟ್ಟುತ್ತಿತ್ತು, ಇದು ತಲೆಭಾರ ತಂದು ಅಲ್ಲೇ ಕೂರಿಸುತ್ತದೆ.

ಒಂದು ಲೆಕ್ಕ ಹಾಕೋಣ. ಗಣಿತ ಬೇಡದವರು ಈ ಎರಡು ಪ್ಯಾರಾ ದಾಟಿ ಹೋಗಬಹುದು, ಆದರೆ ನನ್ನ ಮಟ್ಟಿಗೆ ಇಡೀ ವಿಷಯ ಅರ್ಥವಾದದ್ದು ಇಲ್ಲಿ. ಮಾರುಕಟ್ಟೆಯ ಸಾಮಾನ್ಯ ಗ್ಯಾಸ್ ಗೀಸರ್ ನಿಮಿಷಕ್ಕೆ 6 ಲೀಟರ್ ನೀರನ್ನು ಸುಮಾರು 25 ಡಿಗ್ರಿ ಬಿಸಿ ಮಾಡುತ್ತದೆ. ನೀರಿಗೆ ಸೇರುವ ಶಾಖವೇ ಹತ್ತೂವರೆ ಕಿಲೋವಾಟ್. ಪೋಲಾಗುವುದನ್ನು ಸೇರಿಸಿದರೆ ಉರಿ ಸುಮಾರು 13 ಕಿಲೋವಾಟ್. ನಿಮ್ಮ ಅಡುಗೆ ಒಲೆಯ ಒಂದು ಬರ್ನರ್ ಹೆಚ್ಚುಕಡಿಮೆ 2 ಕಿಲೋವಾಟ್. ಅಂದರೆ ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಆರು ಒಲೆಗಳನ್ನು ಪೂರ್ತಿ ಹಚ್ಚಿ ನಡುವೆ ನಿಂತು ಸ್ನಾನ ಮಾಡಿದ ಹಾಗೆ. ಅಡುಗೆಮನೆಯಲ್ಲಿ ಹಾಗೆ ಮಾಡಿ ಎಂದರೆ ಯಾರೂ ಒಪ್ಪುವುದಿಲ್ಲ.

ಈ ಉರಿಗೆ ಗಂಟೆಗೆ ಸುಮಾರು ಒಂದು ಕೆಜಿ ಎಲ್‌ಪಿಜಿ ಬೇಕು. ಒಂದು ಕೆಜಿ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿರುವ ಗಾಳಿಯೇ 8 ಘನ ಮೀಟರ್. ಹತ್ತು ನಿಮಿಷದ ಸ್ನಾನದಲ್ಲಿ ಗೀಸರ್ ಅದರ ಕಾಲು ಭಾಗಕ್ಕಿಂತ ಹೆಚ್ಚನ್ನು ತಿಂದಿರುತ್ತದೆ. ಸಂದು ಗೊಂದಿಯಿಲ್ಲದ ಕೋಣೆಯಾದರೆ ನೂರಕ್ಕೆ 21 ಇದ್ದ ಆಮ್ಲಜನಕ ಹದಿನೈದರ ಹತ್ತಿರ ಬಂದಿರುತ್ತದೆ. ಅಷ್ಟು ಇಳಿಯುವ ಮೊದಲೇ ಜ್ವಾಲೆ ತಡವರಿಸಿ ಕಾರ್ಬನ್ ಮಾನಾಕ್ಸೈಡ್ ಉಗುಳಲು ಶುರು ಮಾಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ಅರ್ಧ ಭಾಗವಿದ್ದರೂ ಕೆಲವು ನಿಮಿಷಗಳಲ್ಲಿ ಮನುಷ್ಯ ಬೀಳುತ್ತಾನೆ. ಹಲವು ಗೀಸರುಗಳಲ್ಲಿ 20 ನಿಮಿಷಕ್ಕೆ ತಾನಾಗಿ ಆರುವ ವ್ಯವಸ್ಥೆ ಇರುತ್ತದೆ. ನಲ್ಲಿ ಮುಚ್ಚಿ ತೆರೆದರೆ ಅದರ ಗಡಿಯಾರ ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಬಚ್ಚಲಿನ ಗಾಳಿ ಹಾಗೆ ಸೊನ್ನೆಗೆ ಹೋಗುವುದಿಲ್ಲ. ಅದಕ್ಕೇ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಸ್ನಾನ ಮಾಡುವಾಗ ಕೊನೆಯವರು ಹೆಚ್ಚು ಅಪಾಯದಲ್ಲಿರುತ್ತಾರೆ. ನಮ್ಮ ಮನೆಗಳಲ್ಲಿ ಕೊನೆಗೆ ಸ್ನಾನಕ್ಕೆ ಹೋಗುವವರು ಯಾರೆಂದು ಹೇಳಬೇಕಾಗಿಲ್ಲ.

ನಮ್ಮ ನರರೋಗ ವೈದ್ಯರ ಬರಹಗಳಲ್ಲಿ ಗ್ಯಾಸ್ ಗೀಸರ್ ಸಿಂಡ್ರೋಮ್ ಎಂಬ ಹೆಸರೇ ಇದೆ. ಬಚ್ಚಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದವರನ್ನು ಮೂರ್ಛೆರೋಗವೆಂದು ತಿಳಿದು ಮಾತ್ರೆ ಕೊಡುವುದು, ಕೊನೆಗೊಂದು ದಿನ ಯಾರೋ ಮನೆಯಲ್ಲಿ ನೀರು ಹೇಗೆ ಕಾಯಿಸುತ್ತೀರಿ ಎಂದು ಕೇಳಿದಾಗ ನಿಜ ತಿಳಿಯುವುದು, ಇಂಥವು ಅವುಗಳಲ್ಲಿ ಬರುತ್ತವೆ. ಚಳಿಗಾಲದ ಪತ್ರಿಕೆಗಳಲ್ಲಿ ಉಳಿದವರ ಸುದ್ದಿ. ಹೋಳಿಯ ಮರುದಿನವೂ ಒಂದೊಂದು ವರ್ಷ ಇಂಥ ಸುದ್ದಿ ಇರುತ್ತದೆ, ಬಣ್ಣ ಬಿಡಿಸಲು ಜನ ಹೆಚ್ಚು ಹೊತ್ತು ಬಿಸಿನೀರು ಬಿಡುತ್ತಾರೆ.

ಯುರೋಪು ಈ ಸಮಸ್ಯೆಯನ್ನು ಬಿಡಿಸಿಕೊಂಡದ್ದು ಹಂತಹಂತವಾಗಿ. ಮೊದಲು ಹೊಗೆಕೊಳವೆ. ಆಮೇಲೆ ಗೊತ್ತಾಯಿತು, ಕೊಳವೆಯಿದ್ದರೂ ಸಾಲದು: ಕೋಣೆಗೆ ಹೊಸ ಗಾಳಿ ಬರದಿದ್ದರೆ ಕೊಳವೆ ಎಳೆಯುವುದಿಲ್ಲ, ಹೊರಗೆ ಗಾಳಿ ಬೀಸಿದರೆ ಹೊಗೆ ಹಿಂದಕ್ಕೆ ಬರುತ್ತದೆ. ಇಪ್ಪತ್ತನೆಯ ಶತಮಾನದ ನಡುವೆ ಹೊಸದೊಂದು ಬಗೆ ನೆಲೆಯೂರಿತು. ಉರಿಯ ಪೆಟ್ಟಿಗೆಯನ್ನೇ ಕೋಣೆಯಿಂದ ಪೂರ್ತಿ ಮುಚ್ಚಿ, ಗೋಡೆಯ ಮೂಲಕ ಒಂದರೊಳಗೊಂದು ಎರಡು ಕೊಳವೆ. ಒಂದರಿಂದ ಹೊರಗಿನ ಗಾಳಿ ಒಳಕ್ಕೆ, ಇನ್ನೊಂದರಿಂದ ಹೊಗೆ ಹೊರಕ್ಕೆ. ಡಬ್ಬ ಕೋಣೆಯಲ್ಲಿದ್ದರೂ ಬೆಂಕಿ ಕೋಣೆಯಲ್ಲಿಲ್ಲ. ಹಿತ್ತಿಲಿಗೆ ಬಾಯಿ ತೆರೆದ ನಮ್ಮ ಬಚ್ಚಲೊಲೆಯ ತತ್ವವೇ ತಿರುಗಿ ಬಂದ ಹಾಗೆ. ಬ್ರಿಟನ್ನಿನ 1998ರ ನಿಯಮಗಳ ಪ್ರಕಾರ ಸ್ನಾನದ ಕೋಣೆಯಲ್ಲಿ ಹೊಸದಾಗಿ ಗ್ಯಾಸ್ ಉಪಕರಣ ಕೂರಿಸುವುದಾದರೆ ಈ ಮುಚ್ಚಿದ ಬಗೆಯದ್ದೇ ಆಗಬೇಕು, ಕೂರಿಸುವವನು ನೋಂದಾಯಿತ ಫಿಟ್ಟರೇ ಆಗಿರಬೇಕು. ಅಲ್ಲಿ ಫಿಟ್ಟರುಗಳ ನೋಂದಣಿ 1970ರಲ್ಲಿ ಶುರುವಾದದ್ದು. ಅದಕ್ಕೆ ಎರಡು ವರ್ಷ ಮೊದಲು ಲಂಡನ್ನಿನ ರೋನನ್ ಪಾಯಿಂಟ್ ಎಂಬ ಬಹುಮಹಡಿ ಕಟ್ಟಡದ ಒಂದು ಮೂಲೆ ಗ್ಯಾಸ್ ಸ್ಫೋಟದಿಂದ ಇಸ್ಪೀಟೆಲೆಯ ಮನೆಯಂತೆ ಕುಸಿದಿತ್ತು.

ಯಂತ್ರ ಎಷ್ಟು ಜಾಣನಾದರೂ ರಿಪೇರಿಯವನ ಕೈ ಅದನ್ನು ಮೀರಬಲ್ಲದು ಎಂಬುದಕ್ಕೆ ಜಪಾನಿನ ಪಾಲೋಮಾ ಪ್ರಕರಣ ಸಾಕ್ಷಿ. ಅದರ ಕೆಲವು ಗೀಸರುಗಳಲ್ಲಿ ಫ್ಯಾನು ಹೊಗೆಯನ್ನು ಹೊರದಬ್ಬುತ್ತಿತ್ತು. ಫ್ಯಾನು ತಿರುಗದಿದ್ದರೆ ಗ್ಯಾಸ್ ನಿಲ್ಲಿಸುವ ಒಂದು ನಿಯಂತ್ರಣ ಪೆಟ್ಟಿಗೆಯಿತ್ತು. ಅದರೊಳಗಿನ ಬೆಸುಗೆ ಬಿರುಕುಬಿಟ್ಟಾಗ ಗೀಸರ್ ಹೊತ್ತಿಕೊಳ್ಳುತ್ತಲೇ ಇರಲಿಲ್ಲ. ಬಿಡಿಭಾಗ ಬರುವವರೆಗೆ ಗಿರಾಕಿಯನ್ನು ಕಾಯಿಸುವುದೇಕೆಂದು ರಿಪೇರಿಯವರು ಆ ಪೆಟ್ಟಿಗೆಯನ್ನು ತಪ್ಪಿಸಿ ತಂತಿ ಜೋಡಿಸಿಬಿಟ್ಟರು. ಇನ್ನು ಫ್ಯಾನು ತಿರುಗಲಿ ಬಿಡಲಿ ಉರಿ ಉರಿಯುತ್ತಿತ್ತು. 1985ರಿಂದ 2005ರವರೆಗೆ 28 ಅಪಘಾತ, 21 ಸಾವು. ವಿಷಯ ದೇಶಕ್ಕೆ ಪೂರ್ತಿ ತಿಳಿದದ್ದು 2006ರ ಜುಲೈಯಲ್ಲಿ. 2010ರಲ್ಲಿ ಟೋಕಿಯೋ ನ್ಯಾಯಾಲಯ ಕಂಪನಿಯ ಮಾಜಿ ಅಧ್ಯಕ್ಷರನ್ನು ತಪ್ಪಿತಸ್ಥರೆಂದಿತು. ಕೆಲಸ ಸಾಗಿಸಲು ಹೀಗೆ ತಂತಿ ಜೋಡಿಸುವ ಗುಣಕ್ಕೆ ನಮ್ಮ ದೇಶದಲ್ಲಿ ಮೆಚ್ಚುಗೆಯ ಹೆಸರಿದೆ, ಜುಗಾಡ್.

ಭಾರತದಲ್ಲಿ ಎಲ್‌ಪಿಜಿಯ ಸಣ್ಣ ಗೀಸರುಗಳಿಗೆ ಐಎಸ್ 15558 ಎಂಬ ಮಾನಕ 2005ರಿಂದ ಇದೆ. ಮಾನಕ ಇರುವುದು ಪೆಟ್ಟಿಗೆಗೆ. ಅದನ್ನು ಯಾವ ಗೋಡೆಗೆ ನೇತುಹಾಕುತ್ತಾರೆಂಬುದು ಅಂಗಡಿಯವನ ಜೊತೆ ಬಂದ ಹುಡುಗನ ಕೈಯಲ್ಲಿರುತ್ತದೆ. ಪುಣೆಯ ನಮ್ಮ ಮನೆಗೆ ಬಂದವನು ಬಚ್ಚಲೊಳಗೇ ತೂತು ಕೊರೆಯಲು ಡ್ರಿಲ್ ಎತ್ತಿದ. ಹೊರಗೆ ಹಾಕಪ್ಪ ಎಂದರೆ, "ಸಾಹೇಬ್, ಪೈಪು ನಾಲ್ಕಡಿ ಜಾಸ್ತಿ ಆಗುತ್ತೆ, ನೀರು ತಣ್ಣಗಾಗುತ್ತೆ" ಎಂದ. ನಾಲ್ಕಡಿ ಪೈಪಿನಲ್ಲಿ ನೀರು ಎಷ್ಟು ತಣ್ಣಗಾಗುತ್ತದೆಂದು ಅವನಿಗೂ ಗೊತ್ತಿತ್ತು. ಪೈಪಿನ ದುಡ್ಡು ಬೇರೆ ಕೊಡುತ್ತೇನೆಂದ ಮೇಲೆ ಆ ಆಕ್ಷೇಪ ಮತ್ತೆ ಬರಲಿಲ್ಲ.

ಹಾಗಾಗಿ ಮೊದಲ ಮಾತೂ ಕೊನೆಯ ಮಾತೂ ಇದೇ: ಡಬ್ಬ ಬಚ್ಚಲಿನ ಹೊರಗಿರಲಿ, ಬಿಸಿನೀರಿನ ಪೈಪು ಮಾತ್ರ ಗೋಡೆ ದಾಟಿ ಒಳಗೆ ಬರಲಿ. ಬಯಲಿಗೆ ತೆರೆದ ಬಾಲ್ಕನಿ ಒಳ್ಳೆಯ ಜಾಗ. ಪುಣೆ ಮುಂಬೈಗಳ ಡ್ರೈ ಬಾಲ್ಕನಿಗೆ ಗಾಜಿನ ಕಿಟಕಿ ಹಾಕಿಸಿ ಮುಚ್ಚಿದ್ದರೆ ಅದು ಬಾಲ್ಕನಿಯಲ್ಲ, ಇನ್ನೊಂದು ಸಣ್ಣ ಕೋಣೆ. ಅಲ್ಲಿ ಕೂರಿಸಿದರೆ ಹೊಗೆಕೊಳವೆ ಗಾಜು ದಾಟಿ ಹೊರಗೆ ಹೋಗಬೇಕು. ಬಚ್ಚಲುಗಳ ನಡುವಿನ ಡಕ್ಟಿಗೆ ಕೊಳವೆ ಬಿಡುವುದು ಬಹಳ ಕಡೆ ಕಾಣುವ ಕೆಲಸ. ಆ ಕಿರಿದಾದ ಬಾವಿಯಲ್ಲಿ ಹೊಗೆ ನಿಂತು ಮೇಲಿನ ಮನೆಯವರ ಬಚ್ಚಲಿನ ಕಿಟಕಿಯಿಂದ ಒಳಗೆ ಹೋಗುತ್ತದೆ. ಕೊಳವೆ ಡಬ್ಬದ ಬಾಯಿಯಿಂದ ಮೊದಲು ನೇರ ಮೇಲಕ್ಕೇರಿ ಆಮೇಲೆ ತಿರುಗಬೇಕು, ಬಾಗು ಕಡಿಮೆಯಿದ್ದಷ್ಟೂ ಒಳ್ಳೆಯದು.

ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ ಎನ್ನುವವರಿದ್ದಾರೆ. ಡಬ್ಬ ಒಳಗಿದ್ದು, ಬಾಗಿಲು ಮುಚ್ಚಿದ್ದು, ಗಾಳಿ ಒಳಬರಲು ಕಿಂಡಿಯೇ ಇಲ್ಲದಿದ್ದರೆ ಫ್ಯಾನು ಗಾಳಿಯನ್ನು ಎಲ್ಲಿಂದ ಎಳೆಯಬೇಕು? ಹೊಗೆಕೊಳವೆಯಿಂದಲೇ. ಹೊರಗೆ ಹೋಗುತ್ತಿದ್ದ ಹೊಗೆ ತಿರುಗಿ ಒಳಬರುತ್ತದೆ. ಕೊಳವೆ, ಕೆಳಗೊಂದು ಗಾಳಿಕಿಂಡಿ, ಮೇಲೊಂದು ಗಾಳಿಕಿಂಡಿ, ಇವು ಮೂರೂ ಬೇಕು, ಚಳಿಗೆಂದು ಅವಕ್ಕೆ ಪತ್ರಿಕೆ ಅಂಟಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೆ ಹರಡಿ ಮೋರಿಗಿಳಿಯುತ್ತದೆ. ಅದಕ್ಕೇ ಕೆಳಗಿನ ಕಿಂಡಿ, ಅದಕ್ಕೇ ಸಿಲಿಂಡರನ್ನು ಮುಚ್ಚಿದ ಕಪಾಟಿನಲ್ಲಿ ಇಡಬಾರದೆನ್ನುವುದು. ಕೊಳವೆಯ ನೈಸರ್ಗಿಕ ಅನಿಲ ಹಗುರ, ಛಾವಣಿಗೇರುತ್ತದೆ. ಈ ಎರಡರ ಒತ್ತಡವೂ ಬೇರೆ, ಒಳಗಿನ ಜೆಟ್ಟುಗಳ ತೂತಿನ ಅಳತೆಯೂ ಬೇರೆ. ಊರು ಬದಲಿಸಿದಾಗ ಸಿಲಿಂಡರಿನ ಗೀಸರನ್ನು ಹೊತ್ತೊಯ್ದು ಕೊಳವೆ ಗ್ಯಾಸಿಗೆ ಸಿಕ್ಕಿಸುವಂತಿಲ್ಲ. ಕೊಳವೆ ಗ್ಯಾಸಿನ ಜೋಡಣೆ ಆ ಗ್ಯಾಸ್ ಕಂಪನಿ ಒಪ್ಪಿದ ಫಿಟ್ಟರ್‌ನಿಂದಲೇ ಆಗಬೇಕು. ಸಿಲಿಂಡರಾದರೆ ಅಡುಗೆ ಒಲೆಯ ಪೈಪಿಗೆ ಕವಲು ಹಾಕದೆ ಗೀಸರಿಗೆ ಬೇರೆ ಸಿಲಿಂಡರು, ಬೇರೆ ರೆಗ್ಯುಲೇಟರು. ಜೋಡಿಸಿದ ಮೇಲೆ ಪ್ರತಿ ಕೀಲಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು, ಬೆಂಕಿಕಡ್ಡಿ ಹಚ್ಚಿ ನೋಡುವ ಶೂರರೂ ಇದ್ದಾರೆ.

ಗೋಡೆ ಇಟ್ಟಿಗೆಯದ್ದೋ ಕಾಂಕ್ರೀಟಿನದ್ದೋ ಆಗಿರಲಿ, ಪ್ಲೈವುಡ್ಡಿನ ಹಲಗೆ ಬೇಡ. ಒಳಗಿನ ಜ್ವಾಲೆ ಕಣ್ಣಿಗೆ ಕಾಣುವ ಎತ್ತರದಲ್ಲಿ ಡಬ್ಬ ಇರಲಿ, ಏಕೆಂದರೆ ಅದನ್ನು ನೋಡುತ್ತಿರಬೇಕು. ನೀಲಿಯಿದ್ದರೆ ಸರಿ, ಹಳದಿ ತುದಿ ಕಾಣಿಸಿದರೆ, ಡಬ್ಬದ ಮೇಲೆ ಮಸಿ ಹತ್ತಿದರೆ ಉರಿಗೆ ಗಾಳಿ ಸಾಲದೆಂದೇ ಅರ್ಥ. ತಾಮ್ರದ ತಗಡುಗಳ ನಡುವೆ ಧೂಳು, ಜೇಡರಬಲೆ ಕಟ್ಟಿಕೊಂಡರೂ ಹಾಗಾಗುತ್ತದೆ. ಹೈದರಾಬಾದ್ ಚೆನ್ನೈಗಳ ಬೋರ್‌ವೆಲ್ ಗಡಸು ನೀರು ಕೊಳವೆಯ ಒಳಗೆ ಸುಣ್ಣದ ಪದರ ಕಟ್ಟುತ್ತದೆ, ಅದು ಬೇರೆ ತಾಪತ್ರಯ. ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ, ಬಿಚ್ಚಿಸಿ ಸ್ವಚ್ಛ ಮಾಡಿಸಬೇಕು. ದೀಪಾವಳಿಗೆ ಹಂಡೆ ತಿಕ್ಕುತ್ತಿದ್ದ ದಿನವೇ ಇದಕ್ಕೂ ಸರಿಹೊಂದುತ್ತದೆ.

ಬಾಡಿಗೆ ಮನೆಯಲ್ಲಿ ಡಬ್ಬ ಆಗಲೇ ಬಚ್ಚಲೊಳಗಿದೆ, ಮಾಲೀಕರು ಸರಿಸಲು ಒಪ್ಪುವುದಿಲ್ಲ ಎಂದರೆ? ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಸಿಲಿಂಡರ್ ಮುಚ್ಚಿ, ಗಾಳಿ ಆಡಲು ಬಿಡಿ, ಆಮೇಲೆ ಒಳಗೆ ಹೋಗಿ. ಷವರಿನ ಸುಖ ತಪ್ಪುತ್ತದೆ. ನಮ್ಮ ಹಿರಿಯರು ಚೊಂಬಿನಲ್ಲೇ ಮಿಂದವರು. ಕಾರ್ಬನ್ ಮಾನಾಕ್ಸೈಡ್ ಎಚ್ಚರಿಕೆಯ ಸಣ್ಣ ಯಂತ್ರ ಈಗ ಆನ್‌ಲೈನಿನಲ್ಲಿ ಸಿಗುತ್ತದೆ. ಯುರೋಪಿನ ಮಾನಕದ ಯಂತ್ರವಾದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 300 ಭಾಗವಿದ್ದಾಗ ಮೂರು ನಿಮಿಷದೊಳಗೆ ಕೂಗಬೇಕು. ಎಲ್‌ಪಿಜಿ ಸೋರಿಕೆ ಹಿಡಿಯುವ ಯಂತ್ರ ಬೇರೆ, ಅದಕ್ಕೆ ಈ ಅನಿಲ ತಿಳಿಯುವುದಿಲ್ಲ. ಕೊಳ್ಳುವಾಗ ಡಬ್ಬದ ಮೇಲಿನ ಬರಹ ಓದಿ.

ಸ್ನಾನಕ್ಕೆ ಹೋದವರು ಕರೆದರೆ ಓಗೊಡದಿದ್ದರೆ ಬಾಗಿಲು ಒಡೆಯಲು ಹಿಂಜರಿಯಬಾರದು. ಕಾಲಿನ ಶಕ್ತಿ ಮೊದಲು ಹೋಗುತ್ತದೆ, ಒಳಗಿರುವವರಿಗೆ ಅಪಾಯ ತಿಳಿದರೂ ಚಿಲಕ ತೆಗೆಯಲಾಗುವುದಿಲ್ಲ. ಉಸಿರು ಬಿಗಿಹಿಡಿದು ಹೋಗಿ ಹೊರಗೆಳೆದು, ಗ್ಯಾಸ್ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, 108ಕ್ಕೆ ಕರೆ ಮಾಡಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದನ್ನು ಬೆರಳಿಗೆ ಸಿಕ್ಕಿಸಿ 98 ತೋರಿಸಿತೆಂದು ಸಮಾಧಾನಪಡಬೇಡಿ. ಕಾರ್ಬನ್ ಮಾನಾಕ್ಸೈಡ್ ಹಿಡಿದ ರಕ್ತವೂ ಅದರ ಕಣ್ಣಿಗೆ ಆಮ್ಲಜನಕ ತುಂಬಿದ ಕೆಂಪು ರಕ್ತದಂತೆಯೇ ಕಾಣುತ್ತದೆ. ಬರೀ ಗಾಳಿಯಲ್ಲಿ ರಕ್ತದ ವಿಷ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಅಷ್ಟು ಇಳಿಯುತ್ತದೆ. ಆಸ್ಪತ್ರೆಯಲ್ಲಿ ವೈದ್ಯರು ಕೇಳುವ ಮೊದಲೇ ಹೇಳಿ: ಬಚ್ಚಲಿನಲ್ಲಿ ಬಿದ್ದರು, ಮನೆಯಲ್ಲಿ ಗ್ಯಾಸ್ ಗೀಸರ್ ಇದೆ.